ಟಿವಿ ಬಂದಿತ್ತು

"ಕೈ ಹಚ್ಚಬ್ಯಾಡ್ರಿ ಬಾಯಾರ! ಆ ಟಿವಿ ಯಾರೂ ಮುಟ್ಟಬಾರದಂತ ಸಾಹೇಬ್ರು ಹೇಳಿ ಹೋಗ್ಯಾರ!"

ಹೆಡ್ ಕಾನ್‌ಸ್ಟೇಬಲ್ ದಶರಥ ಪಡಸಾಲೆಯ ಬಾಗಿಲಲ್ಲಿ ನಿಂತು ಕೂಗಿದ. ಸುಮಿತ್ರಾಬಾಯಿ ತಿರುಗಿಯೂ ನೋಡಲಿಲ್ಲ. ಸೆರಗು ಬಿಗಿದು, ಟಿವಿಯ ಮೇಜನ್ನು ಗೋಡೆಯಿಂದ ಈಚೆಗೆ ಎಳೆದು, ಅದರ ಬೆನ್ನಿನ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟಾಗಿತ್ತು.

"ನಿಮ್ಮ ಸಾಹೇಬ್ರು ಹೇಳಿದ್ದು ಕೇಳಿ ಕೇಳಿ ಕಿವಿ ತೂತು ಬಿದ್ದಾವ. ಪ್ಲಗ್ ಮುಂಜಾನಿನೇ ಕಿತ್ತೀನಿ. ಈಗ ಇದರಾಗ ಒಂದು ಇರುವಿ ಸಾಯೂ ಅಷ್ಟೂ ಕರೆಂಟ್ ಇಲ್ಲ. ಒಳಗ ಬಾ, ಬಾಗಲಾಗ ನಿಂತು ಒದರಬ್ಯಾಡ."

ಇದೇ ಟಿವಿಯ ಹಿಂದೆ, ಇದೇ ಶಹಾಬಾದ್ ಕಲ್ಲಿನ ನೆಲದ ಮೇಲೆ, ಹೋದ ಶನಿವಾರ ಮಧ್ಯಾಹ್ನ ಅವರ ತಮ್ಮ ವಕೀಲ ವಾಸುದೇವರಾಯರು ಸತ್ತು ಬಿದ್ದಿದ್ದರು. ಶಾಕ್ ಹೊಡೆದು ಸತ್ತರು, ಕೆಟ್ಟ ರಿಪೇರಿ ಮಾಡಿ ಕೊಂದವನು ಮೆಕ್ಯಾನಿಕ್ ಭಾಗಣ್ಣ ಎಂದು ಪೊಲೀಸರು ತೀರ್ಮಾನಿಸಿ ಅವನನ್ನು ಲಾಕಪ್ಪಿಗೆ ತಳ್ಳಿದ್ದರು.

ದಶರಥ ಬೂಟು ಕಳಚಿ ಒಳಗೆ ಬಂದ. ಅವನ ಹೆಂಡತಿ ಸೂಗಮ್ಮ ಸೇಡಂನಲ್ಲಿ ಸುಮಿತ್ರಾಬಾಯಿ ವಿಜ್ಞಾನ ಕಲಿಸುವ ಶಾಲೆಯಲ್ಲಿ ಓದಿದವಳು. ವಿಜ್ಞಾನದ ಬಾಯಿಯ ಬೈಗುಳ ಹೇಗಿರುತ್ತದೆಂದು ಮನೆಯಲ್ಲೇ ಕೇಳಿ ತಿಳಿದಿದ್ದ. ಹಾಗಾಗಿ ಇಲಾಖೆಗೆ ಹೆದರಬೇಕೋ ಈ ಬಾಯಿಗೆ ಹೆದರಬೇಕೋ ಎಂಬ ಪೇಚಾಟ ಅವನ ಮುಖದಲ್ಲಿ ಕಾಣುತ್ತಿತ್ತು.

"ನಾಳಿ ಮುಂಜಾನಿ ಅವನ್ನ ಕೋರ್ಟಿಗೆ ಒಯ್ತೀರಿ, ಹೌದಿಲ್ಲೋ?"

"ಹೌದ್ರಿ. ಅಲ್ಲಿಂದ ಸೀದಾ ಕಲಬುರ್ಗಿ ಜೈಲು."

"ಅದಕ್ಕೇ ಇವತ್ತು ಇದನ್ನ ಬಿಚ್ಚಾಕತ್ತೀನಿ. ನಾಳಿ ಬಿಚ್ಚಿ ಏನು ಪೂಜಾ ಮಾಡ್ಲಿ?"

ಬೆಳಿಗ್ಗೆ ಠಾಣೆಯಲ್ಲಿ ಕಂಡದ್ದು ಅವರ ಎದೆಯಿಂದ ಇನ್ನೂ ಇಳಿದಿರಲಿಲ್ಲ. ಭಾಗಣ್ಣನ ತಾಯಿ ಯಂಕಮ್ಮ ದಂಡೋತಿಯಿಂದ ನಡೆದುಕೊಂಡೇ ಬಂದು, ಗೇಟಿನ ಹೊರಗೆ ಬೇವಿನ ಗಿಡದ ಬುಡದಲ್ಲಿ ಬುತ್ತಿ ಗಂಟು ಹಿಡಿದು ಕೂತಿದ್ದಳು. ಆ ಬುತ್ತಿಯನ್ನು ಒಳಗೆ ಕೊಡಲಿಕ್ಕೂ ಯಾರೂ ಬಿಟ್ಟಿರಲಿಲ್ಲ. ಒಳಗೆ ಸರಳಿನ ಹಿಂದೆ ಭಾಗಣ್ಣ. ತುಟಿ ಒಡೆದಿತ್ತು. ಯಾರು ಒಡೆದರು ಎಂದು ಕೇಳಿದರೆ, ಬಿದ್ದೆ ಅಂದ. ಛೀ! ಹೊಡೆದವರು ಅಲ್ಲೇ ನಿಂತು ಮೀಸೆ ತೀಡುತ್ತಿದ್ದರು. ಹೊಡೆಸಿಕೊಂಡವನು ಸುಳ್ಳು ಹೇಳಿ ಅವರ ಮಾನ ಕಾಯಬೇಕು! ಇದೆಂಥ ನ್ಯಾಯವೋ!

"ನಾ ಅದನ್ನ ರಿಪೇರಿನೇ ಮಾಡಿಲ್ರಿ ಬಾಯಾರ," ಎಂದಿದ್ದ ಅವನು. "ಶುಕ್ರವಾರ ರಾಯರು ಕರದ್ರು. ಲೈಟೂ ಇಲ್ಲ, ಆವಾಜೂ ಇಲ್ಲ, ಟಿವಿ ಪೂರಾ ಸತ್ತಿತ್ತು. ಬಿಚ್ಚಿ ನೋಡ್ದೆ, ಫ್ಯೂಜ್ ಉರದಿತ್ತು. ಹಿಂದ ಪಾವರಿನ ಟ್ರಾನ್ಸಿಸ್ಟರ್ ಶಾರ್ಟ್. ಕಲಬುರ್ಗಿಲಿಂದ ತರಬೇಕ್ರಿ, ಸೋಮವಾರ ಬರ್ತೀನಿ, ಅಲ್ಲಿತನ ಹಚ್ಚಬ್ಯಾಡ್ರಿ ಅಂತ ಹೇಳಿ, ಆ ಸತ್ತ ಫ್ಯೂಜ್ ಕಿತ್ತುಕೊಂಡೇ ಹೋದೆ."

"ಹೊಸಾ ಫ್ಯೂಜ್ ಹಾಕಲಿಲ್ಲೇನು?"

"ಯಾಕ ಹಾಕ್ಲಿರಿ? ಫ್ಯೂಜಿಂದೇನೂ ತಪ್ಪಿರಂಗಿಲ್ಲ. ತಪ್ಪು ಮಾಡಿದ್ದು ಅದರ ಹಿಂದ ಕುಂತಿರ್ತದ. ನಾ ಅದಕ್ಕ ಗಂಟು ಕಟ್ಟಿ ಇಟ್ಟೀನಿ. ನೋಡ್ರಿ ಬೇಕಾದ್ರ."

ಈಗ ಹಿಂಬದಿಯ ಮುಚ್ಚಳ ಕಳಚಿ ಬಂತು. ಒಳಗೆ ಧೂಳು, ಜೇಡರ ಬಲೆ, ಒಣಗಿದ ಹಲ್ಲಿಯ ಮೊಟ್ಟೆ. ಸುಮಿತ್ರಾಬಾಯಿ ಬ್ಯಾಟರಿ ಹಿಡಿದು ಇಣುಕಿದರು. ಅಲ್ಯೂಮಿನಿಯಂ ತಗಡಿಗೆ ಅಂಟಿದ್ದ ಒಂದು ಕಪ್ಪು ತುಣುಕಿನ ಕಾಲಿಗೆ ಬಿಳಿ ದಾರ ಸುತ್ತಿತ್ತು. ಕೊನೆಯಲ್ಲಿ ಪುಟ್ಟದೊಂದು ಗಂಟು.

"ಇದೇನು ಗಂಟು, ಹೇಳು ನೋಡೋಣ."

ದಶರಥ ಬಗ್ಗಿ ನೋಡಿ ಕಣ್ಣರಳಿಸಿದ. "ಬಲಿ ಗಂಟು ರೀ! ಕಾಗಿಣಾ ಹೊಳಿದಂಡಿ ಮಂದಿ ಮೀನಿನ ಬಲಿಗಿ ಹಾಕ್ತಾರಲ್ರಿ, ಅದೇ ಗಂಟು."

"ಭಾಗಣ್ಣನ ಅಪ್ಪ ಮುತ್ತ್ಯಾ ಎಲ್ಲಾ ಬಲಿ ಕಟ್ಟಿದವರೇ. ಕೆಟ್ಟ ಭಾಗ ಸಿಕ್ಕಿತಂದ್ರ ಅವ ಹಿಂಗ ಗಂಟು ಹಾಕಿ ಗುರ್ತು ಮಾಡ್ತಾನ, ಮತ್ತೊಮ್ಮೆ ಬಂದಾಗ ಹುಡುಕಬಾರದಂತ. ಹಾಕೂದು ಕೆಟ್ಟದ್ದಕ್ಕೇ. ರಿಪೇರಿ ಮುಗಿಸಿದ್ರ ಇದನ್ನ ಕಿತ್ತು ಒಗದಿರ್ತಿದ್ದ. ಇದು ಇನ್ನೂ ಇಲ್ಲೇ ಅದ ಅಂದ್ರ?"

"ರಿಪೇರಿ ಆಗಿಲ್ರಿ."

"ಶಹಬ್ಬಾಸ್. ಈಗ ಇಲ್ಲಿ ನೋಡು."

ವೈರು ಒಳಗೆ ಬರುವ ಜಾಗದಲ್ಲಿ ಎರಡು ಹಿತ್ತಾಳೆ ಹಿಡಿಕೆಗಳ ನಡುವೆ ಗಾಜಿನದೊಂದು ಫ್ಯೂಜು ಕೂತಿತ್ತು. ಭಾಗಣ್ಣ ಕಿತ್ತುಕೊಂಡು ಹೋದೆ ಎಂದ ಜಾಗದಲ್ಲಿ, ಇರಬಾರದ ಫ್ಯೂಜು. ಸುಮಿತ್ರಾಬಾಯಿ ಅದನ್ನು ಕರವಸ್ತ್ರದಿಂದ ಹಿಡಿದು ಕಿತ್ತು ಬೆಳಕಿಗೆ ಎತ್ತಿದರು. ಗಾಜಿನ ತುಂಬ ಮಸಿ.

"ಫ್ಯೂಜು ಎರಡು ನಮೂನಿ ಸಾಯ್ತಾವ, ದಶರಥ. ಹಳೇದಾಗಿ ಸತ್ತರ ಒಳಗಿನ ತಂತಿ ಸುಮ್ಮನ ಹರೀತದ, ಗಾಜು ಸ್ವಚ್ಛ ಇರ್ತದ. ಹಿಂದ ಶಾರ್ಟ್ ಇದ್ದರ, ಸ್ವಿಚ್ ಒತ್ತಿದ ಕ್ಷಣಕ್ಕ ಢಂ ಅಂತ ಉರದು ಗಾಜಿಗಿ ಹಿಂಗ ಮಸಿ ಬಡೀತದ. ಅಂದ್ರ ಭಾಗಣ್ಣ ಹೋದ ಮ್ಯಾಲ ಯಾರೋ ಹೊಸಾ ಫ್ಯೂಜ್ ಹಾಕಿ ಟಿವಿ ಹಚ್ಚಾಕ ನೋಡ್ಯಾರ. ಅದು ಒಂದು ಗಳಿಗೀನೂ ಹತ್ತಿಲ್ಲ."

"ರಾಯರೇ ಹಾಕಿರಬಹುದಲ್ರಿ?"

"ವಾಸು?" ಸುಮಿತ್ರಾಬಾಯಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ಬಲ್ಬ್ ಬದಲಿ ಮಾಡಬೇಕಂದ್ರ ಮೇನ್ ಸ್ವಿಚ್ ಬಂದ್ ಮಾಡಿ, ಮರದ ಮಣಿ ಮ್ಯಾಲ ನಿಂತು, ಕಣ್ಣು ಮುಚ್ಚಿ ದೇವರ ನಾಮ ಹೇಳಾವ ಅವ. ಕೋರ್ಟಿನಾಗ ಹುಲಿ, ಕರೆಂಟಿನ ಮುಂದ ಇಲಿ. ಅವ ಟಿವಿ ಬೆನ್ನು ಬಿಚ್ಚಿ ಒಳಗ ಕೈ ಹಾಕಿದ ಅಂತ ನೀವು ಬರೀತೀರಿ, ನಾ ಹೌದು ಹೌದು ಅಂತ ಕೇಳಬೇಕು!"

ಅವರು ಒಳಗಿನ ಬಾಗಿಲಿನತ್ತ ಮುಖ ಮಾಡಿದರು. "ಪ್ರಮಿತಾ! ಅಂಗಳಕ್ಕ ಎಳೀತೀವಲ್ಲ, ಆ ವೈರಿನ ಬಲ್ಬ್ ತಗೊಂಡು ಬಾ ನಮ್ಮವ್ವಾ."

ವಾಸುದೇವರಾಯರ ಒಬ್ಬಳೇ ಮಗಳು ಪ್ರಮಿತಾ ಬಂದಳು. ಕಲಬುರ್ಗಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವವಳು. ಅಪ್ಪನ ಸುದ್ದಿ ತಿಳಿದು ಶನಿವಾರ ಸಂಜೆಯ ಬಸ್ಸಿಗೆ ಬಂದವಳು ಅಂದಿನಿಂದ ನೆಟ್ಟಗೆ ಒಂದು ತುತ್ತು ಉಂಡಿರಲಿಲ್ಲ. ಬಲ್ಬನ್ನು ಅತ್ತೆಯ ಕೈಗಿತ್ತು, ಬಿಚ್ಚಿದ ಟಿವಿಯ ಕಡೆ ನೋಡದೆ ನಿಂತಳು.

"ಅತ್ತಿ, ಸಾಕು ಬಿಡ್ರಿ. ಏನು ಮಾಡಿದ್ರೂ ಅಪ್ಪ ಬರಂಗಿಲ್ಲ."

"ಅಪ್ಪ ಬರಂಗಿಲ್ಲವ್ವ. ಆದ್ರ ಯಂಕಮ್ಮನ ಮಗ ಬರಬೇಕಲ್ಲ ಮನಿಗಿ."

ಹುಡುಗಿ ಏನೋ ಹೇಳಲು ಬಾಯಿ ತೆರೆದು, ಚಹಾ ಇಡ್ತೀನಿ ಎಂದು ಒಳಗೆ ಹೋದಳು. ತಾಯಿಯಿಲ್ಲದ ಕೂಸು, ಈಗ ತಂದೆಯೂ ಇಲ್ಲ.  ಸುಮಿತ್ರಾಬಾಯಿ ಅದರ ಸಿಟ್ಟನ್ನೂ ಪೊಲೀಸರ ಲೆಕ್ಕಕ್ಕೇ ಸೇರಿಸಿದರು.

ಫ್ಯೂಜಿದ್ದ ಎರಡು ಹಿಡಿಕೆಗಳಿಗೆ ಬಲ್ಬಿನ ಎರಡು ವೈರು ಸಿಕ್ಕಿಸಿ, ದಶರಥನನ್ನು ದೂರ ಸರಿಸಿ, ಪ್ಲಗ್ ಚುಚ್ಚಿ ಸ್ವಿಚ್ ಒತ್ತಿದರು. ಬಲ್ಬು ಝಗ್ಗನೆ ಹತ್ತಿತು. ಮನೆಯ ದೀಪ ಉರಿದಂತೆ ಪೂರಾ ಬೆಳಕು. ಟಿವಿ ಮಾತ್ರ ಮಿಸುಕಲಿಲ್ಲ.

"ಕಂಡಿಯಾ? ಒಳಗ ಶಾರ್ಟ್ ಇಲ್ಲದಿದ್ರ ಬಲ್ಬ್ ಮಂಕಾಗತಿತ್ತು. ಬಂದ ಕರೆಂಟ್ ಎಲ್ಲಾ ಆ ಗಂಟು ಇದ್ದಲ್ಲೇ ಹರದು ಹೊಂಟಾದ. ಇಂಥಾ ಟಿವಿ ಚಿತ್ರ ತೋರಸ್ತದೇನು?" ಅವರು ಸ್ವಿಚ್ ಆರಿಸಿ ಪ್ಲಗ್ ಕಿತ್ತರು. "ಮತ್ತ ನಿಮ್ಮ ಸಾಹೇಬ್ರು ಅದ್ಯಾರ ಮಾತು ನಂಬಿ, ಟಿವಿ ನಡದಿತ್ತು ಅಂತ ಬರದ್ರು?"

"ಇಬ್ಬರ ಮಾತು ರೀ. ಒಂದು, ರಾಯರ ಜೂನಿಯರ್ ಸುಜಯ ವಕೀಲ್ರು. ರಾಯರ ಜೋಡಿ ಕುಂತು ಮ್ಯಾಚ್ ನೋಡಿ ಹೋದೆ, ಟಿವಿ ಚಲೋ ಇತ್ತು ಅಂದ್ರು. ಇನ್ನೊಂದು..." ದಶರಥ ಕತ್ತು ಕೆರೆದುಕೊಂಡ. "ಬಾಜೂಮನಿ ಹಮೀದಾಬಿ."

ಸುಮಿತ್ರಾಬಾಯಿ ಕಿಟಕಿಗೆ ಹೋಗಿ ಕಂಪೌಂಡಿನ ಆಚೆ ಕೂಗು ಹಾಕಿದರು. ಹೊಲಿಗೆ ಯಂತ್ರದ ಸದ್ದು ನಿಂತಿತು. ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡೇ ಹಮೀದಾಬಿ ಓಡಿ ಬಂದಳು. ಖಾಕಿ ಕಂಡು ಬಾಗಿಲಲ್ಲೇ ತಡೆದಳು.

"ಬರ್ರಿ ಹಮೀದಾಬಿ, ಕುಂದ್ರಿ. ಸಾಹೇಬ್ರ ಮುಂದ ಏನು ಹೇಳಿದ್ರಿ, ಅದನ್ನ ಅದೇ ಮಾತಿನಾಗ ಹೇಳ್ರಿ. ಒಂದಕ್ಷರ ಬದಲಿ ಆಗಬಾರದು."

"ಏನದರಿ ಬಾಯಿ ಹೇಳಾಕ? ವಕೀಲ್ ಸಾಬ್ ಟಿವಿಗಿ ಒಂದು ಕವರ್ ಹೊಲಿ ಅಂದಿದ್ರು. ಶನಿವಾರ ಮಧ್ಯಾಹ್ನ ಅಳತಿ ತಗೋಳಾಕ ಬಂದೆ. ಬಾಗಲ ತೆರದಿತ್ತು. ಟಿವಿ ಬಂದಿತ್ತು. ವಕೀಲ್ ಸಾಬ್ ಕುರ್ಚಿ ಮ್ಯಾಲ ಕುಂತಿದ್ರು. ಸಪ್ಪಳ ಮಾಡದಂಗ ಅಳತಿ ತಗೊಂಡು ಹೋದೆ."

"ಸಪ್ಪಳ ಯಾಕ ಮಾಡ್ಲಿಲ್ಲ?"

"ನಿದ್ದಿ ಹತ್ತಿತ್ತಲ್ರಿ ಅವ್ರಿಗಿ."

"ಟಿವಿ ನೋಡಕೋತ ನಿದ್ದಿ ಹತ್ತಿತ್ತೇನು?"

ಹಮೀದಾಬಿ ಇವರಿಗೇನು ತಲೆ ಕೆಟ್ಟಿದೆಯೇ ಎಂಬಂತೆ ನೋಡಿದಳು. "ಟಿವಿ ಎಲ್ಲಿ ನೋಡ್ತಾರ್ರಿ? ಬಂದಿತ್ತಂತ ಹೇಳ್ಲಿಕತ್ತೀನಲ್ಲ!"



"ಬಂದಿತ್ತು ಅಂದ್ರ ಏನು ಹಮೀದಾಬಿ?"

"ಬಂದ್ ರೀ! ಬಂದ್! ಅಂಗಡಿ ಬಂದ್ ಅಂತೀವಲ್ಲ, ಹಂಗ. ಬಂದ್ ಇತ್ತು. ಕರೀ ಕಾಚಿನಾಗ ನನ್ನ ಮೋತಿನೇ ನನಗ ಕಾಣಸ್ತಿತ್ತು. ಹತ್ತಿದ್ರ ಚಾಲೂ ಇತ್ತು ಅಂತಿದ್ದಿಲ್ಲೇನ್ರಿ ನಾ?"

ಸುಮಿತ್ರಾಬಾಯಿ ನಿಧಾನವಾಗಿ ದಶರಥನ ಕಡೆ ತಿರುಗಿದರು. ದಶರಥ ನೆಲದ ಕಲ್ಲನ್ನು ನೋಡುತ್ತಿದ್ದ.

ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಸಬ್ ಇನ್ಸ್‌ಪೆಕ್ಟರ್. ಅವರ ಕಿವಿಗೆ 'ಬಂದ್ ಇತ್ತು' ಎಂಬುದು 'ಬಂದಿತ್ತು' ಎಂದು ಬಿತ್ತು. ಅವರ ಊರಿನಲ್ಲಿ ಟಿವಿ ಬಂದಿತ್ತು ಎಂದರೆ ಚಿತ್ರ ಬಂದಿತ್ತು. 'ಟಿ.ವಿ.ಯಲ್ಲಿ ಚಿತ್ರ ಮೂಡಿಬಂದಿದ್ದು, ಮೃತರು ಕುರ್ಚಿಯಲ್ಲಿ ಕುಳಿತು ವೀಕ್ಷಿಸುತ್ತಿದ್ದರು' ಎಂದು ಚಂದದ ಕನ್ನಡದಲ್ಲಿ ಬರೆದರು. ಸಹಿ ಎಲ್ಲಿ ಎಂದು ತೋರಿಸಿದರು. ಹಮೀದಾಬಿ ಹೆಬ್ಬೆಟ್ಟು ಒತ್ತಿದಳು. ಆ ಹೆಬ್ಬೆಟ್ಟು ಭಾಗಣ್ಣನ ಕುತ್ತಿಗೆಯ ಮೇಲೆ ಬಿತ್ತು.

"ದಶರಥ. ನೀ ಅಲ್ಲೇ ಇದ್ದಿ, ಹೌದಿಲ್ಲೋ? ನಿನಗ ತಿಳೀಲಿಲ್ಲೇನು?"

"ತಿಳೀತ್ರಿ."

"ತಿಳೀತು?"

"ಸಾಹೇಬ್ರು ಬರೀಲಿಕತ್ತಾಗ ನಡಕ ಬಾಯಿ ಹಾಕಿದ್ರ... ನಮ್ಮನ್ನ ಯಾರು ಕೇಳ್ತಾರ್ರಿ ಬಾಯಾರ?"

"ಕೇಳಂಗಿಲ್ಲ! ಕೇಳದಿದ್ರ ಹೇಳಂಗಿಲ್ಲ! ನಿನ್ನ ನಾಲಿಗಿಗಿ ಯಾರು ಬೇಡಿ ಹಾಕ್ಯಾರೋ? ಅಲ್ಲಿ ಒಬ್ಬನ ತುಟಿ ಒಡದಾದ, ಅವನ ತಾಯಿ ಬುತ್ತಿ ಹಳಸಿ ನಾರಾಕತ್ತಾದ, ಇಲ್ಲಿ ಇವನಿಗಿ ನಡಕ ಬಾಯಿ ಹಾಕಾಕ ಮರ್ಯಾದಿ ಅಡ್ಡ ಬಂತಂತ! ಒಂದು ಶಬ್ದ, ಮಹಾರಾಯಾ, ಒಂದೇ ಒಂದು ಶಬ್ದ!"

ಅವರ ದನಿಗೆ ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ. ಊರೆಲ್ಲ ನೋಡಲಿ. ಬಡವನೊಬ್ಬ ಸಿಕ್ಕರೆ ಸಾಕು, ಸಿಕ್ಕ ಫ್ಯೂಜು ಕಿತ್ತೆಸೆದು ಕೈ ತೊಳೆದುಕೊಳ್ಳುವ ಜನ! ಅದು ಯಾಕೆ ಉರಿಯಿತು ಎಂದು ಹಿಂದೆ ತಿರುಗಿ ನೋಡುವ ತ್ರಾಸು ಒಬ್ಬರಿಗೂ ಬೇಡ.

ಸಿಟ್ಟಿನ ನಡುವೆಯೇ ಇನ್ನೊಂದು ಮಾತು ಅವರ ತಲೆಗೆ ಹೊಳೆಯಿತು. ಹಮೀದಾಬಿಯ ಹತ್ತಿರ ಹೋಗಿ ಕೂತು, ದನಿ ತಗ್ಗಿಸಿದರು.

"ವಾಸುಗ ನಿದ್ದಿ ಹತ್ತಿತ್ತು ಅಂದ್ರಿ. ಹ್ಯಾಂಗ ತಿಳೀತು?"

"ಕತ್ತು ಒಂದು ಬಾಜೂ ವಾಲಿತ್ತು. ಕಣ್ಣು ಅರ್ಧಾ ಮುಚ್ಚಿದ್ವು."

"ಅವ ಮಲಗಿದ್ರ ಗೊರಕಿ ನಿಮ್ಮ ಮನಿತನ ಕೇಳಸ್ತದ ಅಂತ ನೀವೇ ನಗತಿದ್ರಿ."

ಹಮೀದಾಬಿಯ ಕೈ ಬಾಯಿಗೆ ಹೋಯಿತು. "ಯಾ ಅಲ್ಲಾ... ಗೊರಕಿ ಇದ್ದಿಲ್ರಿ ಬಾಯಿ."

ತಮ್ಮ ಕುರ್ಚಿಯಲ್ಲೇ ಸತ್ತಿದ್ದ. ಆಮೇಲೆ ಯಾರೋ ಅವನನ್ನು ಎಳೆದು ಟಿವಿಯ ಹಿಂದೆ ಮಲಗಿಸಿ, ಕೈಯನ್ನು ಒಳಗಿಟ್ಟು, ಶಾಕಿನ ಕತೆ ಕಟ್ಟಿದರು. ಕತೆ ನಿಜವಾಗಬೇಕಾದರೆ ಟಿವಿ ಹತ್ತಬೇಕಿತ್ತು. ಅದಕ್ಕೇ ಫ್ಯೂಜು. ಅದು ಢಂ ಎಂದಿತು, ಆದರೂ ಕತೆ ನಡೆಯಿತು, ಯಾಕೆಂದರೆ ಇಲ್ಲಿ ಒಳಗೆ ನೋಡುವವರು ಯಾರೂ ಇರಲಿಲ್ಲ. ಸುಮಿತ್ರಾಬಾಯಿ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದರು. ದುಃಖಕ್ಕಲ್ಲ, ಈ ಉಡಾಫೆ ಕಂಡು.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಅಂಗಾರ, ಕೈಯಲ್ಲಿ ಹಣ್ಣಿನ ಚೀಲ. ಸುಜಯ.

"ನಮಸ್ಕಾರ್ರಿ ಬಾಯಾರ. ಏನಿದು, ಟಿವಿ ಬಿಚ್ಚೀರಿ?"

"ಬಾರಪ್ಪ, ಕುಂದರು. ನಿನ್ನನ್ನೇ ನೆನಿಸಾಕತ್ತಿದ್ದೆ." ಸುಮಿತ್ರಾಬಾಯಿಯ ದನಿ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು. ಅವರ ಶಾಲೆಯ ಹುಡುಗಿಯರಾಗಿದ್ದರೆ ಈ ದನಿ ಕೇಳಿಯೇ ಬೆವರುತ್ತಿದ್ದರು. "ವಾಸುನ ಕಡೀ ದಿನ ಅವನ ಜೋಡಿ ಕುಂತಾವ ನೀನೊಬ್ಬನೇ ನೋಡು. ಮ್ಯಾಚು ಪೂರಾ ನೋಡಿದ್ರೇನು ಇಬ್ಬರೂ?"

"ಪೂರಾ ಇಲ್ರಿ. ನನಗ ಕೆಲಸಿತ್ತು, ನಡಕ ಎದ್ದು ಹೋದೆ. ಸರ್ ಭಾಳ ಖುಷಿ ಇದ್ರು."

"ಚಿತ್ರ ಅಲಗಾಡತಿದ್ದಿಲ್ಲಲ್ಲ?"

"ಛೇ ಛೇ. ಬೇಷ್ ಇತ್ತು. ಬಣ್ಣ, ಆವಾಜ್ ಎಲ್ಲಾ. ಹಿಂದಿನ ದಿನಾನೇ ಅಲ್ರಿ ಆ ಭಾಗಣ್ಣ ರಿಪೇರಿ ಮಾಡಿದ್ದು? ಮ್ಯಾಲ ಮ್ಯಾಲ ಮಾಡಿ ಹೋಗ್ಯಾನ, ನೋಡ್ರಿ. ಅಂಥವರನ್ನ ಬಿಡಬಾರದು."

"ಬಿಡಬಾರದು," ಎಂದರು ಸುಮಿತ್ರಾಬಾಯಿ. "ದಶರಥ, ಕೇಳಿದಿ? ಬಣ್ಣ ಬೇಷ್ ಇತ್ತಂತ. ಹಮೀದಾಬಿ, ನೀವು ಕೇಳಿದ್ರಿ? ಆವಾಜ್ ಬೇಷ್ ಇತ್ತಂತ. ನಿಮ್ಮ ಗ್ವಾಡಿ ಆಚೀಕಡಿಗಿ ಕೇಳಿಸಿತೇನು?"

"ಇಲ್ರಿ. ಏನೂ ಇಲ್ಲ."

ಸುಜಯನ ನಗೆ ಅರ್ಧಕ್ಕೆ ನಿಂತಿತು.

ಆಮೇಲೆ ಸುಮಿತ್ರಾಬಾಯಿ ಬೆಣ್ಣೆಯನ್ನು ಬದಿಗಿಟ್ಟರು. ಮತ್ತೆ ಬಲ್ಬು ಸಿಕ್ಕಿಸಿ ಹತ್ತಿಸಿ ತೋರಿಸಿದರು. ಗಂಟು ತೋರಿಸಿದರು. ಮಸಿ ಹಿಡಿದ ಫ್ಯೂಜನ್ನು ಅವನ ಮೂಗಿನ ಮುಂದೆ ಹಿಡಿದರು.

"ಈ ಟಿವಿಯಾಗ ಶುಕ್ರವಾರದಿಂದ ಒಂದು ಗೆರಿ ಮೂಡಿಲ್ಲ. ನೀ ಯಾವ ಬಣ್ಣ ನೋಡಿದ್ಯೋ? ಯಾವ ಮ್ಯಾಚು ನೋಡಿದ್ಯೋ? ನನ್ನ ತಮ್ಮ ನಿನಗ ವಿದ್ಯಾ ಕಲಿಸಿದ, ಕರೀ ಕೋಟು ಹೊಲಿಸಿಕೊಟ್ಟ. ದಂಡೋತಿ ಹೊಳಿದಂಡಿ ಮಂದಿ ಹೊಲ ಕಲ್ಲಿನ ಖಣಿಯವರು ನುಂಗ್ಯಾರಂತ ಅವ ಕೇಸ್ ಹಿಡದಿದ್ದ. ಅವ ಸತ್ತ, ಕೇಸ್ ನಿನ್ನ ಕೈಗಿ ಬಂತು. ಜೈಲಿಗಿ ಹೊಂಟಾವನೂ ಅದೇ ಹೊಳಿದಂಡಿ ಹುಡುಗ. ಎಂಥಾ ಚಂದ ಕುಂತಾದಲ್ಲೋ ಎಲ್ಲಾ!"

ಸುಜಯ ವಕೀಲ. ಮುಖದ ಬಣ್ಣ ಹೋದರೂ ಮಾತು ಹೋಗಲಿಲ್ಲ.

"ಸಿಟ್ಟಿನಾಗ ಏನೇನೋ ಅನ್ನಬ್ಯಾಡ್ರಿ ಬಾಯಾರ. ಕೋರ್ಟಿನಾಗ ಇದು ನಿಲ್ಲಂಗಿಲ್ಲ. ಪೊಲೀಸರು ಮುಟ್ಟಬ್ಯಾಡ್ರಿ ಅಂದ ಟಿವಿ ನೀವು ಬಿಚ್ಚೀರಿ. ಆ ಫ್ಯೂಜ್ ಅದರಾಗೇ ಇತ್ತಂತ ಏನು ಸಾಕ್ಷಿ? ನಿಮ್ಮ ಬ್ಯಾಗಿನಾಗ ಯಾವಾಗಲೂ ಫ್ಯೂಜಿನ ಡಬ್ಬಿ ಇರ್ತದ. ಭಾಗಣ್ಣನ್ನ ಬಿಡಸಾಕ ನೀವೇ ಒಂದು ಸುಟ್ಟ ಫ್ಯೂಜ್ ಇಟ್ಟೀರಿ ಅಂತ ನಾ ಹೇಳಿದ್ರ?"

"ನಾ?" ಸುಮಿತ್ರಾಬಾಯಿಯ ಕಣ್ಣು ಕೆಂಡವಾದವು. "ಸುಳ್ಳು ಸಾಕ್ಷಿ ಇಡೂದು ನಾ?"

ಬ್ಯಾಗನ್ನು ಎಳೆದು, ಪೆಪ್ಪರಮಿಂಟಿನ ಹಳೆಯ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದರು. ಗಾಜಿನ ಪುಟ್ಟ ಫ್ಯೂಜುಗಳು ಉರುಳಿದವು. ಪ್ರತಿಯೊಂದರ ಲೋಹದ ಟೋಪಿಯ ತುದಿಯಲ್ಲೂ ಉಗುರುಬಣ್ಣದ ಒಂದು ಕೆಂಪು ಚುಕ್ಕಿ.

"ನೋಡು ದಶರಥ. ತಂದ ಫ್ಯೂಜ್ ಎಲ್ಲಾ ನಾ ಪರೀಕ್ಷಾ ಮಾಡ್ತೀನಿ. ಪಾಸಾದ್ದಕ್ಕ ಒಂದು ಕೆಂಪು ಚುಕ್ಕಿ. ಚುಕ್ಕಿ ಇಲ್ಲದ್ದು ನನ್ನ ಡಬ್ಬಿಯಾಗ ಒಂದೂ ಇಲ್ಲ. ಜಗತ್ತಿನಾಗ ಹಿಂಗ ಮಾಡೋ ಹುಚ್ಚಿ ನಾ ಒಬ್ಬಾಕಿನೇ. ಇದನ್ನ ತಗೋ, ಈ ಸುಟ್ಟದ್ದನ್ನ. ನಿನ್ನ ಕೈಲೇ ತುದಿ ಒರಸು, ಈ ವಕೀಲಗ ತೋರಸು, ಚುಕ್ಕಿ ಅದ ಏನು ಅಂತ!"

ದಶರಥ ಫ್ಯೂಜನ್ನು ತೆಗೆದುಕೊಂಡು ಅಂಗಿಯ ತುದಿಯಿಂದ ಒರೆಸಿದ. ಒಂದು ಕಡೆಯ ಟೋಪಿ, ಆಮೇಲೆ ಇನ್ನೊಂದು ಕಡೆಯದು. ಮತ್ತೊಮ್ಮೆ ಉಗುಳು ಹಚ್ಚಿ ಒರೆಸಿದ. ಕಿಟಕಿಯ ಬೆಳಕಿಗೆ ಹಿಡಿದ.

"ಬಾಯಾರ..."

"ಹೇಳು. ಗಟ್ಟಿ ಹೇಳು."

"ಅದರಿ."

"ಏನದ?"

"ಕೆಂಪು ಚುಕ್ಕಿ ರೀ."

ಸುಮಿತ್ರಾಬಾಯಿ ಅವನ ಕೈಯಿಂದ ಕಸಿದುಕೊಂಡರು. ಮಸಿಯ ಅಡಿಯಲ್ಲಿ, ಸ್ವಲ್ಪ ಕಂದಿದ್ದರೂ, ಸುಳ್ಳಲ್ಲ. ಅವರದೇ ಚುಕ್ಕಿ.

ಈಗ ಸುಜಯ ಗೆದ್ದಂತೆ ನಗಬೇಕಿತ್ತು. ಅವನ ಕಡೆ ನೋಡಿದರೆ, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಎರಡೂ ಕೈ ಮುಂದೆ ಚಾಚಿ ಬಡಬಡಿಸಿದ.

"ಬ್ಯಾಡ್ರಿ ಅತ್ತಿ. ಇದನ್ನ ಇಲ್ಲಿಗೇ ಬಿಡ್ರಿ. ನಿಮ್ಮ ಕಾಲು ಹಿಡೀತೀನಿ ಅತ್ತಿ, ಬಿಟ್ಟುಬಿಡ್ರಿ."

ಅತ್ತಿ. ಮನೆಗೆ ಬರಲು ಶುರುಮಾಡಿದ ದಿನದಿಂದ ಈ ಹುಡುಗ ಅವರನ್ನು ಬಾಯಾರ ಎಂದೇ ಕರೆದಿದ್ದ. ಅವರನ್ನು ಅತ್ತಿ ಎಂದು ಕರೆಯುವ ಜೀವ ಭೂಮಿಯ ಮೇಲೆ ಒಂದೇ ಇತ್ತು. ಆ ಕರೆಯನ್ನು ಅವನು ಯಾರ ಬಾಯಿಂದ ಕಲಿತ? ಫ್ಯೂಜಿನ ಡಬ್ಬಿಯ ಸುದ್ದಿ ಅವನಿಗೆ ಯಾರು ಹೇಳಿದರು?

ರಜೆಗೆ ಸೇಡಂಗೆ ಬಂದ ಪುಟ್ಟ ಹುಡುಗಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಲಗೆ ಕಚ್ಚಿಕೊಂಡು, ಒಂದೊಂದೇ ಫ್ಯೂಜಿಗೆ ಉಗುರುಬಣ್ಣ ಇಡುತ್ತಿದ್ದಳು. ಉಳಿದ ಬಣ್ಣವನ್ನು ತನ್ನ ಬೆರಳಿಗೆ ಬಳಿದುಕೊಂಡು ಕುಣಿಯುತ್ತಿದ್ದಳು. ಹಾಸ್ಟೆಲಿಗೆ ಹೊರಟಾಗ ಟೇಪ್ ರೆಕಾರ್ಡರಿಗೆ ಇರಲಿ ಎಂದು ಸುಮಿತ್ರಾಬಾಯಿಯೇ ಒಂದಿಷ್ಟು ಫ್ಯೂಜು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಹೇಗೆ ಹಾಕಬೇಕೆಂದು ಕೈ ಹಿಡಿದು ಕಲಿಸಿದ್ದೂ ಅವರೇ. ಬೇರೆ ಯಾರಿಗೂ ಒಂದನ್ನೂ ಕೊಟ್ಟವರಲ್ಲ.

ಶನಿವಾರ ಸಂಜೆಯ ಬಸ್ಸಿಗೆ ಬಂದೆ ಎಂದಿದ್ದಳು. ಅವಳು ಬಸ್ಸಿಳಿದದ್ದನ್ನು ಯಾರೂ ನೋಡಿರಲಿಲ್ಲ, ಯಾರೂ ಕೇಳಿರಲಿಲ್ಲ. ಸುಮಿತ್ರಾಬಾಯಿಯೂ.

"ಬಾಯಾರ," ಎಂದ ದಶರಥ, ಮೆಲ್ಲಗೆ. ಅವನ ದನಿಯಲ್ಲಿ ಕನಿಕರವಿತ್ತು. ಅದೇ ಸಹಿಸಲಾಗಲಿಲ್ಲ. "ನನಗೇನೂ ಕಂಡಿಲ್ರಿ. ಸಾಹೇಬ್ರು ಕೇಳಂಗೂ ಇಲ್ಲ. ನೀವು ಅಂದ್ರ, ಅದನ್ನ ಅಲ್ಲೇ ಇಟ್ಟು ಮುಚ್ಚಳ ಹಾಕಿಬಿಡೂನು."

ಮುಚ್ಚಳ ಹಾಕಿಬಿಡುವುದು. ನಾಲ್ಕು ಸ್ಕ್ರೂ. ಬೆಳಗಿನಿಂದ ಇದೇ ಮಾತಿಗೆ ಅಲ್ಲವೇ ಅವರು ಊರಿನ ಮೇಲೆಲ್ಲ ಉರಿದುಬಿದ್ದದ್ದು? ನಮ್ಮವರು ಸಿಕ್ಕಿಬಿದ್ದಾಗ ಮುಚ್ಚಳ ಹಾಕಲು ಎಲ್ಲರಿಗೂ ಸ್ಕ್ರೂಡ್ರೈವರ್ ಸಿಗುತ್ತದೆ. ಬೇವಿನ ಗಿಡದ ಕೆಳಗೆ ಯಂಕಮ್ಮ ಕೂತೇ ಇರುತ್ತಾಳೆ. ಸುಮಿತ್ರಾಬಾಯಿಗೆ ದಶರಥನ ಮೇಲೆ, ಸುಜಯನ ಮೇಲೆ, ಸತ್ತ ತಮ್ಮನ ಮೇಲೆ, ತನ್ನ ಮೇಲೆಯೇ ಸಿಟ್ಟು ಉಕ್ಕಿ ಬಂತು.  ಫ್ಯೂಜನ್ನು ದಶರಥನ ಕೈಗೆ ತಿರುಗಿ ಇಟ್ಟರು.

"ಬರಕೋ ದಶರಥ."

"ಬಾಯಾರ, ವಿಚಾರ ಮಾಡ್ರಿ..."

"ಬರಕೋ ಅಂದೆ. ಈ ಫ್ಯೂಜು ನಂದು. ನಾ ಕೊಟ್ಟದ್ದು ಒಬ್ಬಾಕಿಗೇ. ಈ ಸರ್ತಿಯಾದ್ರೂ ಒಂದು ಶಬ್ದ ಹೆಚ್ಚುಕಮ್ಮಿ ಆಗದಂಗ ಕೇಳಿ ಬರಕೋ." ಅವರು ಒಳಗಿನ ಬಾಗಿಲಿನತ್ತ ಮುಖ ಮಾಡಿದರು. "ಪ್ರಮಿತಾ! ಇಲ್ಲಿ ಬಾ!"



ಅಡುಗೆಮನೆಯಲ್ಲಿ ಚಹಾ ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಅದರ ಹಿಂದೆಯೇ, ಹಿತ್ತಲ ಬಾಗಿಲ ಅಗಳಿ ಸರಿದ ಸಪ್ಪಳ.